ಶ್ರೀ ಕನಕದಾಸರ ವಿದ್ಯಾಸಾಧನೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ನೆಲೆಸಿರುವ ನಮ್ಮ ಮನೆತನಗಳವರು ಹೊಸರಿತ್ತಿಯ ಶ್ರೀ ಧೀರೇಂದ್ರತೀರ್ಥರ ಸನ್ನಿಧಿಗೂ ಸವಣೂರಿನ ಶ್ರೀ ಸತ್ಯಬೋಧತೀರ್ಥರ ಸನ್ನಿಧಿಗೂ ಆರಾಧನೆಯ ಕಾಲದಲ್ಲಿ ಭಕ್ತಿಯಿಂದ ಹೋಗಿಬರುವರು. ಅದೇ ಸೀಮೆಯಲ್ಲಿರುವ ಕಾಗಿನೆಲೆಗೆ ಹೋಗುವುದು ಮಾತ್ರ ಕಡಿಮೆಯೆಂದು ನಮಗೆ ತೋರುತ್ತದೆ. ಮನೆಯಲ್ಲಿ ಭಜನೆಗೆ ಕುಳಿತರೆ ಆದಿಕೇಶವನ ಅಂಕಿತವುಳ್ಳ ಒಂದು ಪದವಾದರೂ ಬಾರದೆ ಮಂಗಳವಾಗುವುದಿಲ್ಲ. ಆ ಆದಿಕೇಶವನು ನಿಂತಿರುವ ಸ್ಥಳವನ್ನು ಮಾತ್ರ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರೆಗೆ ಹೋದವರೂ ಕಾಣದೆ ಹಿಂದಿರುಗುವುದುಂಟು. ಕಾರ್ತಿಕ ಮಾಸದಲ್ಲಿ ಬರುವ ಕನಕಜಯಂತಿಯ ನಿಮಿತ್ತವಾಗಿ ಶ್ರೀ ಕನಕದಾಸರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ. ಅವರ ಮಹಿಮೆಗಳನ್ನು ಹಿರಿಯರ ಬಾಯಿಂದ ಎಲ್ಲರೂ ಕೇಳಿರುವರು. ಅವರು ವಿದ್ಯೆಯನ್ನು ಪಡೆದ ಬಗೆ ಯಾವುದೆಂಬುದನ್ನು ಮಾತ್ರ ಇಲ್ಲಿ ವಿಶೇಷವಾಗಿ ನೋಡಬೇಕೆಂದಿದ್ದೇವೆ.

ಇದಕ್ಕೆ ಕಾರಣವುಂಟು. ಮಕ್ಕಳ ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಶಬ್ದ ಮೇಲಿಂದ ಮೇಲೆ ಕೇಳಿಬರುತ್ತದೆ. ಒಬ್ಬ ಮಗನು ಹುಟ್ಟು ಬುದ್ಧಿವಂತನೆಂದೂ ಅವನ ತಮ್ಮನಿಗೆ ಅಷ್ಟು ಯೋಗ್ಯತೆಯಿಲ್ಲವೆಂದೂ, ಆ ಹುಡುಗನಿಗೆ ಹತ್ತು ವರ್ಷ ತುಂಬುವ ಮೊದಲೇ ತೀರ್ಪಾಗಿಬಿಡುತ್ತದೆ. ತೀರ್ಪು ಕೊಟ್ಟವರು ಅಲ್ಲಿಗೆ ಮರೆಯುತ್ತಾರೆ; ಕೇಳಿದ ಹುಡುಗನು ಮರೆಯುವುದಿಲ್ಲ. ಯೋಗ್ಯತೆಯೆಂಬುದು ನಮ್ಮ ಸಿದ್ಧಾಂತದಲ್ಲಿ ಘನವಾದ ಅರ್ಥವುಳ್ಳ ಶಬ್ದ. ಅದು ಅಡಿಗೆಮನೆಯ ಬೈಗುಳಾಗಿ ಇಳಿದಿರುವುದನ್ನು ಕಂಡಾಗ ಕನಕದಾಸರ ನೆನಪಾಗುತ್ತದೆ. ಏಕೆಂದರೆ ಅವರಿಗೂ ಅದೇ ಮಾತನ್ನು ಹೇಳಿದವರು ಇದ್ದರು.

ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಾಡ ಎಂಬ ಗ್ರಾಮ ದಾಸರ ಜನ್ಮಸ್ಥಳ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವ ತನಕ ಈ ಭಾಗವೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಕುರುಬ ಕುಲದ ಬೀರಪ್ಪ ಮತ್ತು ಬಚ್ಚಮ್ಮ ಎಂಬ ದಂಪತಿಗಳು ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗನಾದುದರಿಂದ ತಿಮ್ಮಪ್ಪನೆಂದೇ ಹೆಸರಾಯಿತೆಂದು ಪ್ರತೀತಿ. ಸಂಪ್ರದಾಯದಲ್ಲಿ ಅವರ ಕಾಲವನ್ನು 1509ರಿಂದ 1609ರವರೆಗೆ ಎಂದು ಹೇಳುವರು. ಬಂಕಾಪುರದ ಸೀಮೆಯಲ್ಲಿ ವಿಜಯನಗರದರಸರ ಕೈಕೆಳಗೆ ಬೀರಪ್ಪನು ನಾಯಕತನವನ್ನು ನಡೆಸುತ್ತಿದ್ದನು. ಅವನ ತರುವಾಯ ಮಗನು ತಿಮ್ಮಪ್ಪನಾಯಕನಾದನು. ನೆಲವನ್ನು ಅಗೆಯಿಸುವಾಗ ಹೊನ್ನಿನ ಕೊಪ್ಪರಿಗೆ ದೊರೆಯಿತೆಂದೂ, ಅದನ್ನು ದಾನಧರ್ಮಗಳಿಗೂ ಆದಿಕೇಶವನ ದೇವಾಲಯಕ್ಕೂ ವಿನಿಯೋಗಿಸಿದ್ದರಿಂದ ಜನರು ಕನಕನಾಯಕನೆಂದು ಕರೆಯತೊಡಗಿದರೆಂದೂ ಹೇಳುತ್ತಾರೆ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ಬಿಜಯಮಾಡಿಸಿದವರು ಅವರೇ ಎಂಬುದು ಆ ಊರಿನವರ ನಂಬಿಕೆ. ಈಚಿನ ವರ್ಷಗಳಲ್ಲಿ ಬಾಡದಲ್ಲಿ ಕನಕನ ಅರಮನೆಯೆಂದು ಒಂದು ಕಟ್ಟಡವನ್ನು ಎತ್ತಿ ನಿಲ್ಲಿಸಿದ್ದಾರೆ, ನೋಡತಕ್ಕದ್ದೇ ಆಗಿದೆ.

ನಾಯಕನು ದಾಸನಾದ ಕಥೆ ಪ್ರಸಿದ್ಧವಾದುದು. ಸ್ವಪ್ನದಲ್ಲಿ ಆದಿಕೇಶವನು ಬಂದು ತನ್ನ ದಾಸನಾಗೆಂದು ಮತ್ತೆ ಮತ್ತೆ ಹೇಳಿದರೂ ನಾಯಕನು ಒಪ್ಪಲಿಲ್ಲ. ಯುದ್ಧವೊಂದರಲ್ಲಿ ಸೋತು, ಮೈಯೆಲ್ಲ ಗಾಯವಾಗಿ, ಸತ್ತವರ ನಡುವೆ ಬಿದ್ದಿದ್ದಾಗ ಅದೇ ಧ್ವನಿಯನ್ನು ಕೇಳಿ ಕತ್ತಿಯನ್ನು ಬಿಟ್ಟನು. ಅಂದಿನಿಂದ ಅವರು ಕನಕದಾಸರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕತ್ತಿಯನ್ನು ಕೆಳಗಿಟ್ಟ ಮರುದಿನವೇ ಕನಕದಾಸರ ನಾಲಗೆಯ ಮೇಲೆ ಸರಸ್ವತಿ ಕುಣಿದಳೆಂಬಂತೆ ಕೆಲವು ಹರಿಕಥೆಗಳಲ್ಲಿ ವರ್ಣಿಸುವುದುಂಟು. ಕೇಳುವುದಕ್ಕೆ ಅದು ಸೊಗಸಾಗಿರುತ್ತದೆ. ಆದರೆ ಅವರ ಗ್ರಂಥಗಳನ್ನು ತೆರೆದು ನೋಡಿದವರಿಗೆ ಹಾಗೆ ತೋರುವುದಿಲ್ಲ. ನಳಚರಿತ್ರೆ, ರಾಮಧಾನ್ಯಚರಿತೆ, ಹರಿಭಕ್ತಿಸಾರ ಎಂಬ ಮೂರು ಕೃತಿಗಳು ಭಾಮಿನಿ ಷಟ್ಪದಿಯಲ್ಲಿವೆ. ಆರು ಪಾದಗಳ ಈ ಛಂದಸ್ಸಿನಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆಗಳು, ಮೂರು ಮತ್ತು ಆರನೆಯ ಪಾದಗಳಿಗೆ ಇಪ್ಪತ್ತೊಂದು ಮಾತ್ರೆಗಳ ಮೇಲೆ ಒಂದು ಗುರು. ಅಂತೂ ಒಂದು ಪದ್ಯಕ್ಕೆ 102 ಮಾತ್ರೆಗಳು. ಮೂರು ನಾಲ್ಕು, ಮೂರು ನಾಲ್ಕು ಎಂದು ಗಣಗಳು ನಡೆಯಬೇಕು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿಬರಬೇಕು. ಇಷ್ಟೆಲ್ಲವನ್ನು ಪಾಲಿಸಿಯೂ ಕಥೆ ಎಡವಬಾರದು. ನಳಚರಿತ್ರೆಯಲ್ಲಿ ಇಂತಹ ಪದ್ಯಗಳು ಒಂಬತ್ತು ಸಂಧಿಗಳ ಉದ್ದಕ್ಕೂ ಸಾಗುತ್ತವೆ. ಈ ಹಿಡಿತವನ್ನು ಯಾರೂ ಹುಟ್ಟುವಾಗ ತರುವುದಿಲ್ಲ. ಹುಬ್ಬಳ್ಳಿಯ ಬಳಿಯ ಕೋಳಿವಾಡದವನೆಂದು ಹೇಳಲಾಗುವ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದ ಕುಮಾರವ್ಯಾಸನು ಇದೇ ಷಟ್ಪದಿಯನ್ನು ಈ ನಾಡಿನ ಕಿವಿಗೆ ಬಳಕೆ ಮಾಡಿಕೊಟ್ಟಿದ್ದನು. ಬಾಡದ ಬಾಲಕನ ಕಿವಿಗೆ ಅದು ಬಿದ್ದಿತ್ತೆಂದು ಊಹಿಸುವುದು ತಪ್ಪಾಗಲಾರದು. ಕಿವಿಗೆ ಬೀಳುವುದೇ ಬೇರೆ, ಕೈಗೆ ಬರುವುದೇ ಬೇರೆ. ನಡುವೆ ವರ್ಷಗಳ ಅಭ್ಯಾಸವಿರುತ್ತದೆ.

ಮೋಹನತರಂಗಿಣಿಯ ವಿಷಯವೂ ಹೀಗೆಯೇ. ಸಾಂಗತ್ಯದಲ್ಲಿ ರಚಿತವಾದ ಆ ಕಾವ್ಯಕ್ಕೆ 42 ಸಂಧಿಗಳು. ಪದ್ಯಗಳು ಎರಡೂವರೆ ಸಾವಿರವನ್ನು ಮೀರುತ್ತವೆ. ಕೃಷ್ಣ, ಪ್ರದ್ಯುಮ್ನ, ಅನಿರುದ್ಧರ ಕಥೆಯನ್ನು ಹೇಳುವಾಗ ಬರುವ ದ್ವಾರಾವತಿಯ ವರ್ಣನೆಯಲ್ಲಿ ಕೃಷ್ಣದೇವರಾಯನ ಕಾಲದ ವಿಜಯನಗರವೇ ಕಾಣುತ್ತದೆಂದು ವಿದ್ವಾಂಸರು ಹೇಳುವರು. ಬೀದಿ, ಅಂಗಡಿ, ಆಭರಣ, ಸೇನೆ, ಎಲ್ಲವನ್ನೂ ಕಣ್ಣಿಟ್ಟು ನೋಡಿ ನೆನಪಿನಲ್ಲಿ ಕಟ್ಟಿಟ್ಟುಕೊಂಡವರು ಬರೆದ ವರ್ಣನೆ ಅದು. ಇನ್ನೊಂದು ಸಂಗತಿಯುಂಟು. ಈ ಕಾವ್ಯದಲ್ಲಿ ಶ್ರೀವೈಷ್ಣವ ಸಂಪ್ರದಾಯದ ಗುರುವಿನ ಸ್ಮರಣೆ ಬರುತ್ತದೆ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಶ್ರೀ ವ್ಯಾಸರಾಯರ ಬಳಿಗೆ ಬರುವ ಮೊದಲೇ ದಾಸರು ಬೇರೆ ಗುರುಗಳಲ್ಲಿ ಕಲಿತಿದ್ದರು, ಕಾವ್ಯವನ್ನೂ ರಚಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಹಾಗಿದ್ದರೆ ಅವರು ವಿಜಯನಗರದ ಮಠದ ಬಾಗಿಲಿಗೆ ಬಂದು ನಿಂತಾಗ ಅಕ್ಷರ ಬಾರದ ಬಾಲಕರಾಗಿರಲಿಲ್ಲ. ಆಳನ್ನು ಆಳಿದ ಕೈ, ಕಾವ್ಯ ಬರೆದ ಕೈ. ಅಂತಹವರು ಪುನಃ ಮೊದಲಿನಿಂದ ಶಿಷ್ಯವೃತ್ತಿಯನ್ನು ಹಿಡಿದು, ತಮಗಿಂತ ಕಿರಿಯರಾದ ವಿದ್ಯಾರ್ಥಿಗಳ ಹಿಂದೆ ಕುಳಿತುಕೊಂಡರು. ದಾಸರ ಜೀವನದಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸುವುದು ಇದೇ.

ಅಂದಿನ ವ್ಯಾಸರಾಯರ ಮಠವೆಂದರೆ ಸಾಮಾನ್ಯವಾದ ಪಾಠಶಾಲೆಯಲ್ಲ. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳನ್ನು ರಚಿಸಿದ ಮಹಾನುಭಾವರ ಸನ್ನಿಧಿ ಅದು. ಆ ಗುರುಗಳು ತಾವೂ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಪದತಲದಲ್ಲಿ ಹಲವು ವರ್ಷ ಕುಳಿತು ಕಲಿತವರು. ಇಂತಹ ಮಠದಲ್ಲಿ ಕನಕದಾಸರಿಗೆ ಸ್ಥಾನ ದೊರೆತುದನ್ನು ಕಂಡು ಅನೇಕ ಶಿಷ್ಯರು ಗುರುಗಳನ್ನೇ ದೂರಿದರು. ಪುರಂದರದಾಸರ ಅಂಕಿತದಲ್ಲಿ ಹಾಡಲಾಗುವ ಒಂದು ಕೀರ್ತನೆಯೇ ಈ ದೂರಿಗೆ ಸಾಕ್ಷಿಯಾಗಿದೆ. ಆಕ್ಷೇಪವಿದ್ದದ್ದು ಕುಲದ ಮೇಲೆ. ಆದರೆ ಕುಲವನ್ನು ಹೆಸರಿಸಿ ದೂರುವುದಕ್ಕಿಂತ ವಿದ್ಯೆಗೆ ಅರ್ಹನಲ್ಲವೆಂದು ದೂರುವುದು ಮರ್ಯಾದೆಯಾಗಿ ಕೇಳಿಸುತ್ತದೆ. ಎಲ್ಲ ಕಾಲಗಳಲ್ಲಿಯೂ ಅದು ಹಾಗೆಯೇ.

ಮಂತ್ರೋಪದೇಶದ ಕಥೆಯನ್ನು ಈ ಸಂದರ್ಭದಲ್ಲಿ ಹೇಳುವುದುಂಟು. ಉಪದೇಶವನ್ನು ಬೇಡಿ ಬಂದ ಕನಕದಾಸರ ಕುಲವನ್ನು ವಿಚಾರಿಸಿದ ವ್ಯಾಸರಾಯರು, ಕುರಿ ಕಾಯುವವನಿಗೆ ಮತ್ತೆಂಥ ಮಂತ್ರ, ಕೋಣ ಎಂದುಕೋ ಎಂಬ ಅರ್ಥದಲ್ಲಿ ಆಡಿದರಂತೆ. ಅದು ಪರಿಹಾಸ್ಯವೋ ಪರೀಕ್ಷೆಯೋ, ಗುರುಗಳ ಹೃದಯವನ್ನು ಅಳೆಯುವುದು ನಮ್ಮ ಕೆಲಸವಲ್ಲ. ದಾಸರು ಮಾತ್ರ ಆ ಎರಡಕ್ಷರಗಳನ್ನೇ ಗುರುವಿನ ಅನುಗ್ರಹವೆಂದು ತಿಳಿದು ಏಕಾಂತದಲ್ಲಿ ಕುಳಿತು ಜಪಿಸಿದರು. ಕೊನೆಗೆ ಯಮನ ವಾಹನವಾದ ಕೋಣವೇ ಪ್ರತ್ಯಕ್ಷವಾಗಿ ಏನು ಅಪ್ಪಣೆಯೆಂದು ಕೇಳಿತಂತೆ. ಆಗ ಗುರುಗಳು ಕಟ್ಟಿಸುತ್ತಿದ್ದ ವ್ಯಾಸಸಮುದ್ರವೆಂಬ ಕೆರೆಗೆ ಯಾರಿಂದಲೂ ಕದಲದ ಬಂಡೆಯೊಂದು ಅಡ್ಡವಾಗಿತ್ತು. ಕೋಣವು ಅದನ್ನು ದೂಡಿತು. ಈಗ ಆಂಧ್ರಪ್ರದೇಶಕ್ಕೆ ಸೇರಿದ ಆ ಕೆರೆಯ ತೂಬಿಗೆ ಕನಕನ ತೂಬೆಂದೇ ಹೆಸರು.

ಈ ಕಥೆಯನ್ನು ಹೇಳುವಾಗ ಕೇಳುವವರು ಕೋಣವೆಂಬಲ್ಲಿ ನಗುತ್ತಾರೆ. ಕೋಣವು ಬಂದಲ್ಲಿ ಆಶ್ಚರ್ಯಪಡುತ್ತಾರೆ. ನಡುವಿನ ಭಾಗ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಮ್ಮ ದೃಷ್ಟಿಯಲ್ಲಿ ಕಥೆಯಿರುವುದು ಆ ನಡುವಿನಲ್ಲಿಯೇ. ಇದು ಮಂತ್ರವೇ ಅಲ್ಲವೆಂದು ತರ್ಕಿಸಿ ಎದ್ದುಹೋಗುವಷ್ಟು ಬುದ್ಧಿ ಕವಿಯಾದ ಅವರಿಗೆ ಇರಲಿಲ್ಲವೇ? ನಾಯಕತನ ನಡೆಸಿದವರಿಗೆ ಅವಮಾನ ತಿಳಿಯುತ್ತಿರಲಿಲ್ಲವೇ? ಎರಡನ್ನೂ ಪಕ್ಕಕ್ಕಿಟ್ಟು, ಕೊಟ್ಟ ಪಾಠವನ್ನು ಕೊಟ್ಟಂತೆಯೇ ಹಿಡಿದು ದಿನದಿನವೂ ಕುಳಿತವರ ಶ್ರಮವನ್ನು ನಾವು ಎಣಿಸುವುದಿಲ್ಲ. ಫಲವನ್ನು ಮಾತ್ರ ಪವಾಡವೆನ್ನುತ್ತೇವೆ.

ಬಾಳೆಯ ಹಣ್ಣಿನ ಕಥೆಯೂ ಮಕ್ಕಳಿಗೆಲ್ಲ ಗೊತ್ತು. ಏಕಾದಶಿಯ ದಿನ ಗುರುಗಳು ಪ್ರತಿ ಶಿಷ್ಯನ ಕೈಯಲ್ಲಿ ಒಂದೊಂದು ಹಣ್ಣನ್ನಿಟ್ಟು, ಯಾರೂ ನೋಡದಿರುವಲ್ಲಿ ತಿಂದು ಬರಬೇಕೆಂದು ಆಜ್ಞಾಪಿಸಿದರು. ಒಬ್ಬನು ಕದದ ಮರೆಗೆ, ಒಬ್ಬನು ಗಿಡದ ಮರೆಗೆ ಹೋಗಿ, ಎಲ್ಲರೂ ಬೇಗನೆ ತಿಂದು ಬಂದರು. ಕನಕದಾಸರು ಮಾತ್ರ ಬಹಳ ಹೊತ್ತಿನ ಮೇಲೆ, ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿರುಗಿ, ಭಗವಂತನು ನೋಡದ ಸ್ಥಳವು ಎಲ್ಲಿಯೂ ಸಿಕ್ಕಲಿಲ್ಲವೆಂದು ವಿಜ್ಞಾಪಿಸಿಕೊಂಡರು. ಪ್ರವಚನಗಳಲ್ಲಿ ಇದನ್ನು ಭಗವಂತನ ಸರ್ವವ್ಯಾಪಿತ್ವಕ್ಕೆ ದೃಷ್ಟಾಂತವಾಗಿ ಹೇಳುವುದು ರೂಢಿ, ಯುಕ್ತವೇ ಸರಿ. ಆದರೆ ತರಗತಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಗುರುಗಳು ಕೊಟ್ಟ ಕೆಲಸವನ್ನು ಎಲ್ಲರಿಗಿಂತ ತಡವಾಗಿ ಬಂದು, ಅದನ್ನೂ ಪೂರ್ತಿ ಮಾಡದೆ ಒಪ್ಪಿಸಿದ ವಿದ್ಯಾರ್ಥಿ ಅವನು. ಇಂದಿನ ಮನೆಗಳಲ್ಲಿ ಅಂತಹವನಿಗೆ ಯಾವ ಹೆಸರು ಸಲ್ಲುವುದೋ ಹೇಳಬೇಕಾಗಿಲ್ಲ. ಬೇಗ ಮುಗಿಸಿದವರು ಪ್ರಶ್ನೆಯ ಶಬ್ದಗಳಿಗೆ ಉತ್ತರ ಕೊಟ್ಟರು. ತಡಮಾಡಿದವನು ಪ್ರಶ್ನೆಯೊಳಗೆ ಹೊಕ್ಕು, ಒಂದು ಸ್ಥಳವನ್ನು ಬಿಟ್ಟು ಇನ್ನೊಂದನ್ನು ಪರೀಕ್ಷಿಸುತ್ತ, ಮನುಷ್ಯರು ನೋಡದ ಸ್ಥಳಗಳು ಬೇಕಾದಷ್ಟು ಸಿಕ್ಕಿದರೂ ಅಲ್ಲಿಗೆ ನಿಲ್ಲದೆ ಮುಂದೆ ಹೋದನು. ಗುರುಗಳು ಹುಡುಕುತ್ತಿದ್ದುದು ಇಂತಹವನನ್ನೇ.

ಹಾಗಾದರೆ ಹುಟ್ಟಿನೊಡನೆ ಬರುವ ಶಕ್ತಿಯೆಂಬುದೇ ಇಲ್ಲವೇ ಎಂದು ಕೆಲವರು ಕೇಳಬಹುದು. ಇಲ್ಲವೆಂದರೆ ಸಿದ್ಧಾಂತಕ್ಕೆ ವಿರೋಧವಾದೀತು. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ, ಪಾಂಡವರ ವನವಾಸದ ಪ್ರಸಂಗದಲ್ಲಿ, ಫಲಕ್ಕೆ ಮೂರು ಕಾರಣಗಳನ್ನು ನಿರೂಪಿಸಿದ್ದಾರೆ. ಅನಾದಿಯಾಗಿ ಜೀವನಲ್ಲಿರುವ ಸ್ವಭಾವವೆನಿಸಿದ ಯೋಗ್ಯತೆ ಮೊದಲನೆಯದು, ಅನಾದಿಕರ್ಮ ಎರಡನೆಯದು, ಪೌರುಷವೆನಿಸಿದ ಜೀವಪ್ರಯತ್ನ ಮೂರನೆಯದು. ಮೂರೂ ಶ್ರೀಹರಿಯ ಅಧೀನ. ಯೋಗ್ಯತೆಯ ಹೆಸರನ್ನು ಹೇಳಿ ಮಕ್ಕಳನ್ನು ಹಿಂದಕ್ಕೆ ತಳ್ಳುವವರು ಈ ಮೂರರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಉಳಿದೆರಡನ್ನು ಬಿಟ್ಟಿದ್ದಾರೆ. ಅಷ್ಟೇ ಅಲ್ಲ. ಜೀವನ ಸ್ವರೂಪಯೋಗ್ಯತೆಯನ್ನು ಬಲ್ಲವನು ಸರ್ವಜ್ಞನಾದ ಭಗವಂತನು. ಅದು ಐದನೆಯ ಇಯತ್ತೆಯ ಗಣಿತದ ಅಂಕಗಳಲ್ಲಿ ಬರೆದಿರುವುದಿಲ್ಲ. ನಮ್ಮಂತಹವರಿಗೆ ಅದು ಸ್ವಲ್ಪವಾದರೂ ತಿಳಿಯುವುದು ಪ್ರಯತ್ನವು ನಡೆದ ಮೇಲೆ, ಪ್ರಯತ್ನದ ಮೂಲಕವೇ. ಮೊದಲು ಯೋಗ್ಯತೆಯನ್ನು ನಿಶ್ಚಯಿಸಿ ಆಮೇಲೆ ಪ್ರಯತ್ನಕ್ಕೆ ಅಪ್ಪಣೆ ಕೊಡುತ್ತೇವೆಂಬುದು, ಬಾವಿಯನ್ನು ತೋಡದೆ ನೀರಿಲ್ಲವೆಂದು ಹೇಳಿದಂತೆ. ಕನಕದಾಸರನ್ನು ದೂರಿದ ಶಿಷ್ಯರು ಶಾಸ್ತ್ರವನ್ನು ಓದಿದವರೇ. ಅವರಿಗೆ ಯೋಗ್ಯತೆಯ ಶಬ್ದ ಗೊತ್ತಿತ್ತು. ಎದುರಿಗೆ ಕುಳಿತವನ ಯೋಗ್ಯತೆ ಗೊತ್ತಿರಲಿಲ್ಲ.

ಅಲಂಕಾರಶಾಸ್ತ್ರದವರೂ ಈ ವಿಷಯದಲ್ಲಿ ಉದಾರಿಗಳೇ. ಕಾವ್ಯಕ್ಕೆ ಪ್ರತಿಭೆ, ಪಾಂಡಿತ್ಯ, ಅಭ್ಯಾಸ ಮೂರೂ ಬೇಕೆಂದು ಹೇಳಿದ ದಂಡಿಯು, ಪೂರ್ವಸಂಸ್ಕಾರದಿಂದ ಬರುವ ಅದ್ಭುತವಾದ ಪ್ರತಿಭೆ ಇಲ್ಲದವನಾದರೂ ಶ್ರವಣದಿಂದಲೂ ಯತ್ನದಿಂದಲೂ ಉಪಾಸಿಸಿದರೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂಬ ಅಭಿಪ್ರಾಯವನ್ನು ಕಾವ್ಯಾದರ್ಶದಲ್ಲಿ ತಿಳಿಸಿದ್ದಾನೆ. ಕನಕದಾಸರಲ್ಲಿ ಪ್ರತಿಭೆಯೂ ಇತ್ತು. ಅದರಲ್ಲಿ ಸಂದೇಹವಿಲ್ಲ. ಆದರೆ ಶ್ರವಣ ಮತ್ತು ಯತ್ನಗಳನ್ನು ಕಳೆದರೆ ಆ ಪ್ರತಿಭೆ ಬಂಕಾಪುರದ ಸೀಮೆಯ ಯಾವುದೋ ಕಾಳಗದಲ್ಲಿ ಯಾರಿಗೂ ತಿಳಿಯದೆ ಮಣ್ಣಾಗುತ್ತಿತ್ತು.

ದಾಸರು ತಾವೇ ಈ ಪ್ರಶ್ನೆಯನ್ನು ಒಂದು ಕಥೆಯಾಗಿ ಹೇಳಿದ್ದಾರೆಂದು ನಾವು ಭಾವಿಸುತ್ತೇವೆ. ಅದೇ ರಾಮಧಾನ್ಯಚರಿತೆ, ನೂರೈವತ್ತರಷ್ಟು ಪದ್ಯಗಳ ಚಿಕ್ಕ ಕೃತಿ. ಲಂಕೆಯಿಂದ ಹಿಂದಿರುಗುತ್ತಿದ್ದ ಶ್ರೀರಾಮಚಂದ್ರನು ಋಷ್ಯಾಶ್ರಮದಲ್ಲಿ ತಂಗಿದ್ದಾಗ, ಧಾನ್ಯಗಳಲ್ಲಿ ಶ್ರೇಷ್ಠವಾವುದೆಂಬ ಚರ್ಚೆ ಬಂದಿತು. ಗೌತಮರು ನರೆದಲೆಗವನ್ನು, ಎಂದರೆ ರಾಗಿಯನ್ನು ಹೊಗಳಿದರು. ವ್ರೀಹಿಗೆ, ಎಂದರೆ ಭತ್ತಕ್ಕೆ ಅದು ಸಹನೆಯಾಗಲಿಲ್ಲ. ಅರಸರ ಊಟ, ದೇವರ ನೈವೇದ್ಯ, ಮಂತ್ರಾಕ್ಷತೆಗಳೆಲ್ಲಕ್ಕೂ ತಾನೇ ಬೇಕಾಗಿರುವಾಗ ಶೂದ್ರಾನ್ನವೆನಿಸಿದ ಇದು ತನಗೆ ಸಮಾನವೇ ಎಂದು ಸಭೆಯಲ್ಲಿಯೇ ಹೀಯಾಳಿಸಿತು. ನರೆದಲೆಗವೂ ಸುಮ್ಮನಿರಲಿಲ್ಲ, ಮಳೆ ಹೋಗಿ ಬರಗಾಲ ಬಂದಾಗ ಲೋಕವನ್ನು ಸಲಹುವವರು ಯಾರೆಂದು ಕೇಳಿತು. ರಾಮನು ಯಾರ ಮಾತನ್ನೂ ಒಪ್ಪದೆ, ತಳ್ಳಿಹಾಕದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಅವಧಿ ಮುಗಿದು ತೆರೆದಾಗ ಭತ್ತವು ಕಳೆಗುಂದಿತ್ತು. ರಾಗಿ ಇಟ್ಟಂತೆಯೇ ಇತ್ತು. ರಾಮನು ತನ್ನ ರಾಘವನೆಂಬ ಹೆಸರನ್ನು ಅದಕ್ಕೆ ಕೊಟ್ಟನು.

ನಮ್ಮ ಕಡೆ ಜೋಳದ ರೊಟ್ಟಿಯೇ ದಿನದ ಊಟವಾದುದರಿಂದ ರಾಗಿಯ ಪರ ವಹಿಸಿ ಜಗಳವಾಡುವವರು ಕಡಿಮೆ. ಆದರೂ ಹಗೇವಿನಲ್ಲಿ ಧಾನ್ಯ ತುಂಬಿ ಬಲ್ಲ ಹಿರಿಯರಿಗೆ, ಯಾವ ಕಾಳು ಎಷ್ಟು ಕಾಲ ಹುಳು ಹಿಡಿಯದೆ ನಿಲ್ಲುವುದೆಂಬುದು ಎಷ್ಟು ದೊಡ್ಡ ಮಾತೆಂದು ತಿಳಿದಿದೆ. ದಾಸರು ಜಾತಿಯಿಂದ ಬಂದ ಹಿರಿಮೆಯನ್ನೂ ಕಾಲವನ್ನು ತಾಳಿ ನಿಲ್ಲುವ ಸತ್ತ್ವವನ್ನೂ ಎದುರುಬದುರಾಗಿ ನಿಲ್ಲಿಸಿ, ತೀರ್ಮಾನವನ್ನು ಸಭೆಯ ವಾದಕ್ಕೆ ಬಿಡದೆ ಆರು ತಿಂಗಳಿಗೆ ಬಿಟ್ಟರು. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸೋತ ಭತ್ತವನ್ನು ರಾಮನು ಹೊರಗಟ್ಟಲಿಲ್ಲ. ಸಂತೈಸಿ ಎರಡನ್ನೂ ಒಂದುಗೂಡಿಸಿದನು. ಮಠದಲ್ಲಿ ಅವಮಾನವನ್ನುಂಡವರು ಬರೆದ ಕಥೆಯಲ್ಲಿ ಈ ಮಾತು ಬರುವುದು ಸಾಮಾನ್ಯವಲ್ಲ.

ಉಡುಪಿಯ ಕಥೆಯನ್ನು ವಿಸ್ತರಿಸುವುದಿಲ್ಲ. ದಾಸರು ಅಲ್ಲಿಗೆ ಹೋದುದು, ಒಳಗೆ ಪ್ರವೇಶ ದೊರೆಯದೆ ಹೊರಗೆ ನಿಂತು ಹಾಡಿದುದು, ಗೋಡೆಯ ಬಿರುಕಿನಿಂದ ಶ್ರೀಕೃಷ್ಣನ ದರ್ಶನವಾದುದು, ಶ್ರೀ ವಾದಿರಾಜರು ಅವರಲ್ಲಿ ತೋರಿದ ಆದರ, ಕನಕನ ಕಿಂಡಿ, ಇವೆಲ್ಲ ಉಡುಪಿಗೆ ಹೋಗಿಬಂದವರೆಲ್ಲರಿಗೂ ತಿಳಿದಿವೆ.

ಮುಂಡಿಗೆಗಳ ಬಗೆಗೆ ಮಾತ್ರ ಒಂದೆರಡು ಮಾತು ಹೇಳಬೇಕು. ಒಗಟಿನಂತೆ ಕಟ್ಟಿದ ಈ ಪದಗಳಲ್ಲಿ, ಯಾರ ಮಗನ ಯಾರ ವಾಹನದ ವೈರಿ ಯಾರೆಂದು ಪುರಾಣಗಳ ಸಂಬಂಧಗಳನ್ನೆಲ್ಲ ಒಂದರೊಳಗೊಂದು ಹೆಣೆದು ಕೊನೆಗೆ ಶ್ರೀಹರಿಯಲ್ಲಿ ತಂದು ನಿಲ್ಲಿಸಿರುವರು. ಒಂದೊಂದನ್ನು ಬಿಡಿಸುವುದಕ್ಕೂ ಭಾರತ ಭಾಗವತಗಳ ಪರಿಚಯ ಬೇಕು. ಅರ್ಥವನ್ನು ಹೇಳುವುದರಲ್ಲಿ ಪಂಡಿತರೂ ಒಮ್ಮೊಮ್ಮೆ ಭಿನ್ನಾಭಿಪ್ರಾಯ ತಾಳುವರು. ವಿದ್ಯೆಗೆ ಅರ್ಹನಲ್ಲವೆಂದು ದೂರಲ್ಪಟ್ಟವರ ಪದಗಳನ್ನು ಬಿಡಿಸುತ್ತ ನಾಲ್ಕು ಶತಮಾನಗಳಿಂದ ವಿದ್ವಾಂಸರು ಕುಳಿತಿದ್ದಾರೆ. ಮನೆಯಲ್ಲಿ ಏಕಾದಶಿಯ ರಾತ್ರಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದು ಮುಂಡಿಗೆಯನ್ನು ಬಿಡಿಸಲು ಯತ್ನಿಸಿದರೆ, ಯಾವ ಮಗು ಎಲ್ಲಿ ಹೊಳೆಯುವುದೆಂಬುದನ್ನು ಕಂಡು ಹಿರಿಯರೇ ಬೆರಗಾಗುವರು.

ದಾಸರ ಕೃತಿಗಳಲ್ಲಿ ಒಂದು ಇನ್ನೂ ದೊರೆತಿಲ್ಲ. ನೃಸಿಂಹಸ್ತವವೆಂಬ ಗ್ರಂಥವನ್ನು ಅವರು ರಚಿಸಿದ್ದರೆಂದು ಹೇಳುತ್ತಾರೆ; ಪ್ರತಿ ಮಾತ್ರ ಉಪಲಬ್ಧವಾಗಿಲ್ಲ. ಕಾಗಿನೆಲೆಯಲ್ಲಿ ಆದಿಕೇಶವನೊಡನೆ ನರಸಿಂಹದೇವರ ಸನ್ನಿಧಾನವೂ ಇರುವುದನ್ನು ನೋಡಿದರೆ ಅದು ಈ ಸೀಮೆಯಲ್ಲಿಯೇ ಹುಟ್ಟಿದ ಕೃತಿಯಾಗಿರಬಹುದೆಂದು ನಮಗೆ ಅನಿಸುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದ ಮೇಲೆ, ದೇವರ ಮನೆಯ ಪೆಟ್ಟಿಗೆಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ತಾಳೆಗರಿಯ ಕಟ್ಟುಗಳೂ ಕೈಬರಹದ ವಹಿಗಳೂ ಇಂದಿಗೂ ಅಲ್ಲಲ್ಲಿ ಉಂಟು. ಅವನ್ನು ಹೊಳೆಗೆ ಬಿಡುವ ಮೊದಲು ಬಲ್ಲವರಿಂದ ಒಮ್ಮೆ ಓದಿಸಬೇಕೆಂದು ವಾಚಕರಲ್ಲಿ ಪ್ರಾರ್ಥಿಸುತ್ತೇವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಹಸ್ತಪ್ರತಿಗಳ ಸಂಗ್ರಹವಿದ್ದು, ಇಂತಹವನ್ನು ಓದಬಲ್ಲ ವಿದ್ವಾಂಸರ ಪರಿಚಯವೂ ಅಲ್ಲಿ ದೊರೆಯಬಹುದು.